ಮುಚ್ಚಿದ ಪುಸ್ತಕದಂಗಡಿ ಮತ್ತು ಗ್ರಂಥಾಲಯಗಳ ದಾಖಲೆಯನ್ನು ಆನ್‌ಲೈನ್ ಡೈರೆಕ್ಟರಿಯಲ್ಲಿ ಉಳಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ಪುಸ್ತಕದಂಗಡಿಗಳ ಅಥವಾ ಗ್ರಂಥಾಲಯಗಳ ಆನ್‌ಲೈನ್ ಡೈರೆಕ್ಟರಿಯಲ್ಲಿ ಹೊಸ ನಮೂದು ಸೇರಿಸುವುದಕ್ಕೆ ಎಲ್ಲರಿಗೂ ಉತ್ಸಾಹವಿರುತ್ತದೆ. ಅಂಗಡಿಯೊಂದು ಬಾಗಿಲು ಹಾಕಿತೆಂದು ತಿಳಿದಾಗ ಏನು ಮಾಡಬೇಕೆಂಬುದಕ್ಕೆ ಮಾತ್ರ ಹೆಚ್ಚಿನ ಕಡೆ ನಿಯಮವೇ ಇರುವುದಿಲ್ಲ. ಹಾಗಾಗಿ ಒಬ್ಬರು ನಮೂದನ್ನು ಅಳಿಸುತ್ತಾರೆ, ಇನ್ನೊಬ್ಬರು ಹಾಗೆಯೇ ಬಿಡುತ್ತಾರೆ. ಬಿಟ್ಟರೆ ಓದುಗರು ಇಲ್ಲದ ಅಂಗಡಿಯನ್ನು ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಮರಳುತ್ತಾರೆ. ಅಳಿಸಿದರೆ ಆಗುವ ತೊಂದರೆ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ: ಆರು ತಿಂಗಳಾದ ಮೇಲೆ ಮತ್ತೊಬ್ಬ ಸ್ವಯಂಸೇವಕರು ಯಾವುದೋ ಹಳೆಯ ಪಟ್ಟಿಯಲ್ಲಿ ಅದೇ ಅಂಗಡಿಯ ಹೆಸರನ್ನು ಕಂಡು, ಡೈರೆಕ್ಟರಿಯಲ್ಲಿ ಅದು ಇಲ್ಲದಿರುವುದನ್ನು ಗಮನಿಸಿ, ‘ತೆರೆದಿದೆ’ ಎಂದು ಗುರುತಿಸಿ ಮತ್ತೆ ಸೇರಿಸುತ್ತಾರೆ. ಮುಚ್ಚಿದೆ ಎಂದು ಹೇಳುವ ನಮೂದು ಉಳಿದಿದ್ದರೆ ಮಾತ್ರ ಆ ಅಂಗಡಿ ಮುಚ್ಚಿರುವ ಸಂಗತಿ ಮುಂದೆ ಬರುವವರಿಗೆ ತಿಳಿಯುತ್ತದೆ.

ಇಂಥ ನಮೂದುಗಳನ್ನು ಹುಡುಕುವವರು ಹಲವರಿದ್ದಾರೆ. ಹಳೆಯ ಪುಸ್ತಕದ ಒಳಹೊದಿಕೆಯಲ್ಲಿ ಮಾರಾಟಗಾರನ ಚೀಟಿಯನ್ನೋ ಗ್ರಂಥಾಲಯದ ಮೊಹರನ್ನೋ ಕಂಡ ಕ್ಯಾಟಲಾಗುದಾರರು, ಪ್ರತಿಯೊಂದು ಯಾರ ಕೈಯಿಂದ ಯಾರ ಕೈಗೆ ಬಂತೆಂದು ಪತ್ತೆಹಚ್ಚುವ ಸಂಶೋಧಕರು, ತಮ್ಮ ಹಿರಿಯರು ನಡೆಸಿದ ಅಂಗಡಿ ಎಲ್ಲಿತ್ತೆಂದು ಕೇಳುವ ಮನೆಯವರು, ಇವರೆಲ್ಲರಿಗೂ ಬೇಕಾಗುವುದು ಮುಚ್ಚಿದ ಸಂಸ್ಥೆಗಳ ಮಾಹಿತಿಯೇ. ಮುಂದಿನ ಹಂತಗಳನ್ನು ಚಿಕ್ಕ ಗುಂಪೊಂದು ನಡೆಸುವ ಡೈರೆಕ್ಟರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ; ಒಬ್ಬರೇ ಸ್ಪ್ರೆಡ್‌ಶೀಟಿನಲ್ಲಿ ನಡೆಸುವ ಪಟ್ಟಿಗೂ ಇವು ಹೊಂದುತ್ತವೆ.

ಹಂತ 1: ಏನು ಮುಚ್ಚಿತು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಿ

‘ಗ್ರಂಥಾಲಯ ಮುಚ್ಚಿತು’ ಎಂಬ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರಬಹುದು. ಸಂಸ್ಥೆ ಮುಚ್ಚಿರಬಹುದು, ಕಟ್ಟಡ ಮುಚ್ಚಿರಬಹುದು, ಒಂದು ಶಾಖೆ ಮಾತ್ರ ಮುಚ್ಚಿರಬಹುದು, ಇಲ್ಲವೇ ಸಾರ್ವಜನಿಕರ ಪ್ರವೇಶ ನಿಂತು ಒಳಗಿನ ಕೆಲಸ ಮುಂದುವರಿದಿರಬಹುದು. ಇವುಗಳನ್ನು ಬೇರ್ಪಡಿಸದೆ ಸ್ಥಿತಿಯನ್ನು ಬದಲಿಸಿದರೆ ತಪ್ಪು ನಮೂದಾಗುವುದು ಖಚಿತ.

ಬರ್ಮಿಂಗ್‌ಹ್ಯಾಮಿನ ಸೆಂಟ್ರಲ್ ಲೈಬ್ರರಿಯನ್ನು ನೋಡಿ. 1974ರಲ್ಲಿ ತೆರೆದ ಆ ಕಾಂಕ್ರೀಟ್ ಕಟ್ಟಡ 2013ರ ಜೂನ್‌ನಲ್ಲಿ ಮುಚ್ಚಿತು, 2016ರಲ್ಲಿ ನೆಲಸಮವಾಯಿತು. ಆದರೆ ನಗರದ ಗ್ರಂಥಾಲಯ ಸೇವೆ ನಿಲ್ಲಲಿಲ್ಲ. ಅದೇ 2013ರ ಸೆಪ್ಟೆಂಬರ್‌ನಲ್ಲಿ ಲೈಬ್ರರಿ ಆಫ್ ಬರ್ಮಿಂಗ್‌ಹ್ಯಾಮ್ ಎಂಬ ಹೊಸ ಕಟ್ಟಡ ಬಾಗಿಲು ತೆರೆಯಿತು. ಬ್ರಿಟಿಷ್ ಮ್ಯೂಸಿಯಮ್ಮಿನ ದುಂಡು ವಾಚನಾಲಯದ ಕಥೆ ಇದಕ್ಕಿಂತ ಭಿನ್ನ. 1857ರಲ್ಲಿ ತೆರೆದ ಆ ಕೋಣೆ ಈಗಲೂ ನಿಂತಿದೆ, ಆದರೆ ಬ್ರಿಟಿಷ್ ಲೈಬ್ರರಿಯ ವಾಚನಾಲಯವಾಗಿ ಅದರ ಕೆಲಸ 1997ರಲ್ಲಿ ಮುಗಿಯಿತು. ಸರಾಯೆವೊದ ವಿಯೆಚ್ನಿತ್ಸಾ ಕಟ್ಟಡ 1992ರ ಆಗಸ್ಟ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ಉರಿದಾಗ ಅಲ್ಲಿದ್ದ ರಾಷ್ಟ್ರೀಯ ಮತ್ತು ವಿಶ್ವವಿದ್ಯಾಲಯ ಗ್ರಂಥಾಲಯದ ಬಹುಪಾಲು ಸಂಗ್ರಹ ಬೂದಿಯಾಯಿತು. ಕಟ್ಟಡ 2014ರಲ್ಲಿ ಮತ್ತೆ ತೆರೆಯಿತು, ಗ್ರಂಥಾಲಯ ಸಂಸ್ಥೆ ಬೇರೆ ಕಡೆ ಮುಂದುವರಿಯಿತು. ಒಂದೇ ಕಟ್ಟಡ, ಒಂದೇ ಸಂಸ್ಥೆ ಎಂದು ಭಾವಿಸಿ ಮಾಡಿದ ನಮೂದು ಈ ಮೂರರಲ್ಲಿ ಒಂದಕ್ಕೂ ಹೊಂದುವುದಿಲ್ಲ.

ಆದ್ದರಿಂದ ಪ್ರತಿ ನಮೂದಿಗೂ ಮೊದಲು ಕೇಳಬೇಕಾದ ಪ್ರಶ್ನೆ: ನಮ್ಮ ಡೈರೆಕ್ಟರಿಯ ಈ ಸಾಲು ಯಾವುದರ ಬಗ್ಗೆ ಮಾತನಾಡುತ್ತದೆ, ಸ್ಥಳದ ಬಗ್ಗೆಯೋ ಸಂಸ್ಥೆಯ ಬಗ್ಗೆಯೋ? ಓದುಗರು ಭೇಟಿ ಕೊಡಲೆಂದು ಮಾಡಿದ ಡೈರೆಕ್ಟರಿಯಾದರೆ ಪ್ರತಿ ಸಾಲೂ ಸ್ಥಳದ ಬಗ್ಗೆ ಇರಲಿ, ಸಂಸ್ಥೆಯನ್ನು ಇನ್ನೊಂದು ಪಟ್ಟಿಯಲ್ಲಿಟ್ಟು ಎರಡಕ್ಕೂ ಕೊಂಡಿ ಹಾಕಿ. ಚಿಕ್ಕ ಪಟ್ಟಿಗೆ ಇದು ಅತಿಯೆನಿಸಬಹುದು. ಆದರೂ ಶಾಖೆಗಳಿರುವ ಒಂದು ಸಂಸ್ಥೆ ಪಟ್ಟಿಯೊಳಗೆ ಬಂದ ಕೂಡಲೇ ಈ ವಿಂಗಡಣೆಯ ಬೆಲೆ ಗೊತ್ತಾಗುತ್ತದೆ.

ಹಂತ 2: ಸ್ಥಿತಿಗೆ ನಿಗದಿತ ಪದಗಳನ್ನು ಇಟ್ಟುಕೊಳ್ಳಿ

‘ತೆರೆದಿದೆ’ ಮತ್ತು ‘ಮುಚ್ಚಿದೆ’ ಎಂಬ ಎರಡೇ ಪದ ಸಾಲವು. ಹಾಗೆಂದು ಹನ್ನೆರಡು ಬಗೆ ಮಾಡಿದರೆ ಸ್ವಯಂಸೇವಕರು ಮನಬಂದಂತೆ ಆರಿಸುತ್ತಾರೆ. ಏಳು ಸಾಕು: ತೆರೆದಿದೆ; ತಾತ್ಕಾಲಿಕವಾಗಿ ಮುಚ್ಚಿದೆ; ಶಾಶ್ವತವಾಗಿ ಮುಚ್ಚಿದೆ; ಬೇರೆಡೆಗೆ ಸ್ಥಳಾಂತರಗೊಂಡಿದೆ; ಇನ್ನೊಂದರೊಳಗೆ ವಿಲೀನವಾಗಿದೆ; ಅಂಗಡಿ ಮುಚ್ಚಿ ಆನ್‌ಲೈನ್ ಮಾರಾಟ ಮಾತ್ರ ಉಳಿದಿದೆ; ಖಚಿತವಾಗಿಲ್ಲ.

ಈ ಕೊನೆಯದನ್ನು ಬಳಸಲು ಜನ ಹಿಂಜರಿಯುತ್ತಾರೆ, ಆದರೆ ಪಟ್ಟಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ಪದ ಅದೇ. ಫೋನ್ ಎತ್ತುತ್ತಿಲ್ಲ, ಜಾಲತಾಣ ತೆರೆಯುತ್ತಿಲ್ಲ ಎಂಬಷ್ಟಕ್ಕೇ ‘ಶಾಶ್ವತವಾಗಿ ಮುಚ್ಚಿದೆ’ ಎಂದು ಬರೆದರೆ, ಇನ್ನೂ ನಡೆಯುತ್ತಿರುವ ಸಣ್ಣ ಅಂಗಡಿಯ ವ್ಯಾಪಾರಕ್ಕೆ ನಾವೇ ಕುತ್ತು ತಂದಂತಾಗುತ್ತದೆ.

ತಾತ್ಕಾಲಿಕ ಮುಚ್ಚುಗಡೆಗೆ ಕಾಲಮಿತಿ ಹಾಕಿ ‘ಶಾಶ್ವತ’ಕ್ಕೆ ತಾನಾಗಿ ಬದಲಾಗುವಂತೆ ಮಾಡುವ ಡೈರೆಕ್ಟರಿಗಳನ್ನು ಕಂಡಿದ್ದೇನೆ, ನನಗೆ ಆ ಪದ್ಧತಿ ಒಪ್ಪಿಗೆಯಿಲ್ಲ. ವೈಮರ್‌ನ ಡಚೆಸ್ ಅನ್ನಾ ಅಮಾಲಿಯಾ ಗ್ರಂಥಾಲಯದ ಚಾರಿತ್ರಿಕ ಕಟ್ಟಡ 2004ರ ಸೆಪ್ಟೆಂಬರ್‌ನಲ್ಲಿ ಬೆಂಕಿಗೆ ತುತ್ತಾಗಿ 2007ರ ಅಕ್ಟೋಬರ್‌ನಲ್ಲಿ ಮತ್ತೆ ತೆರೆಯಿತು. ಎರಡು ವರ್ಷದ ಮಿತಿ ಹಾಕಿದ ವ್ಯವಸ್ಥೆ ಅದನ್ನು 2006ರಲ್ಲೇ ಸತ್ತವರ ಪಟ್ಟಿಗೆ ಸೇರಿಸಿಬಿಡುತ್ತಿತ್ತು. ಕಾಲಮಿತಿ ಮುಗಿದಾಗ ಸ್ಥಿತಿ ಬದಲಾಗಬಾರದು, ‘ಮರುಪರಿಶೀಲನೆ ಬೇಕು’ ಎಂಬ ಗುರುತು ಮಾತ್ರ ಬೀಳಬೇಕು.

ಹಂತ 3: ಪುರಾವೆ ಕಲೆಹಾಕಿ

ಪುರಾವೆಗಳಲ್ಲಿ ಮೇಲು ಕೀಳುಗಳಿವೆ. ಅಂಗಡಿಯವರೇ ಪ್ರಕಟಿಸಿದ ವಿದಾಯದ ಸೂಚನೆ, ಗ್ರಂಥಾಲಯದ ಮೇಲಿನ ಆಡಳಿತ ಸಂಸ್ಥೆಯ ಆದೇಶ ಅಥವಾ ಸಭಾ ನಡವಳಿ, ದಿನಾಂಕವಿರುವ ಪತ್ರಿಕಾ ವರದಿ, ಕಂಪನಿ ನೋಂದಣಿ ದಾಖಲೆ, ಇವು ಗಟ್ಟಿ ಪುರಾವೆಗಳು. ನಕ್ಷೆಯ ಆ್ಯಪುಗಳಲ್ಲಿ ಕಾಣುವ ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂಬ ಸೂಚನೆ ಸುಳಿವು ಮಾತ್ರ, ಏಕೆಂದರೆ ಅದು ಅನೇಕ ವೇಳೆ ಯಾರೋ ಬಳಕೆದಾರರ ಸಲಹೆಯಿಂದ ಬಂದಿರುತ್ತದೆ. ಕೊನೆಯ ವಿಮರ್ಶೆಯ ದಿನಾಂಕ ಅದಕ್ಕಿಂತ ದುರ್ಬಲ. ಜನ ವಿಮರ್ಶೆ ಬರೆಯುವುದನ್ನು ನಿಲ್ಲಿಸಿದ ಮಾತ್ರಕ್ಕೆ ಅಂಗಡಿ ನಿಲ್ಲುವುದಿಲ್ಲ.

ಜಾಲತಾಣವನ್ನು ನಂಬುವಾಗ ಎರಡೂ ಕಡೆಯ ಅಪಾಯ ನೆನಪಿರಲಿ. ಅಂಗಡಿ ಮುಚ್ಚಿ ವರ್ಷಗಳಾದರೂ ಹೋಸ್ಟಿಂಗ್ ಹಣ ಮುಂಗಡ ಕಟ್ಟಿದ್ದರಿಂದ ಜಾಲತಾಣ ‘ಇಂದು ಬೆಳಿಗ್ಗೆ 10ರಿಂದ ತೆರೆದಿದೆ’ ಎನ್ನುತ್ತಲೇ ಇರಬಹುದು. ಇನ್ನೊಂದೆಡೆ, ನವೀಕರಿಸದ ಡೊಮೇನನ್ನು ಬೇರೆ ಯಾರೋ ಕೊಂಡು ಅಲ್ಲಿ ಜೂಜಿನ ಜಾಹೀರಾತು ತುಂಬಿರಬಹುದು. ಆಗ ಕೊಂಡಿ ‘ಕೆಲಸ ಮಾಡುತ್ತಿದೆ’ ಎಂದೇ ಸ್ವಯಂಚಾಲಿತ ಪರೀಕ್ಷಕ ವರದಿ ಮಾಡುತ್ತದೆ, ಏಕೆಂದರೆ ಪುಟವು ‘ಸಿಗಲಿಲ್ಲ’ ಎಂಬ ಅರ್ಥದ 404 ಸಂಕೇತವನ್ನು ತೋರಿಸುತ್ತಿಲ್ಲ. ಆದ್ದರಿಂದ ಮುಚ್ಚಿದ ಸಂಸ್ಥೆಯ ಜೀವಂತ ಕೊಂಡಿಯನ್ನು ಓದುಗರಿಗೆ ತೋರಿಸಲೇಬೇಡಿ. ವಿಳಾಸವನ್ನು ಬರಿಯ ಪಠ್ಯವಾಗಿ ಉಳಿಸಿಕೊಂಡು, ಕೊಂಡಿಯನ್ನು ಸಂಗ್ರಹಿತ ಪ್ರತಿಗೆ ಕೊಡಿ.

ಸಂಗ್ರಹಿತ ಪ್ರತಿ ಎಂದರೆ ಸಾಮಾನ್ಯವಾಗಿ ಇಂಟರ್ನೆಟ್ ಆರ್ಕೈವ್ 2001ರಿಂದ ಸಾರ್ವಜನಿಕರಿಗೆ ಒದಗಿಸುತ್ತಿರುವ ವೇಬ್ಯಾಕ್ ಮೆಷೀನ್ ಎಂಬ ಹಳೆಯ ಜಾಲಪುಟಗಳ ಭಂಡಾರದಲ್ಲಿರುವ ನಕಲು. ಅಂಗಡಿಯ ಹಳೆಯ ವಿಳಾಸವನ್ನು ಅದರ ಹುಡುಕು ಪೆಟ್ಟಿಗೆಗೆ ಹಾಕಿದರೆ ವರ್ಷವಾರು ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ. ಪ್ರತಿಯೊಂದು ನಕಲಿನ ಕೊಂಡಿಯ ಮಧ್ಯದಲ್ಲೂ 14 ಅಂಕಿಗಳ ಒಂದು ಸಾಲಿರುತ್ತದೆ. ಉದಾಹರಣೆಗೆ 20110918063000 ಎಂದಿದ್ದರೆ ಮೊದಲ ನಾಲ್ಕು ಅಂಕಿ ವರ್ಷ, ಮುಂದಿನ ಎರಡು ತಿಂಗಳು, ಆಮೇಲಿನ ಎರಡು ದಿನ, ಉಳಿದವು ಗಂಟೆ, ನಿಮಿಷ, ಸೆಕೆಂಡು; ಸಮಯವು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇರುತ್ತದೆ. ಇದು ಪುಟವನ್ನು ನಕಲಿಸಿದ ಹೊತ್ತೇ ಹೊರತು ಪುಟ ಬರೆದ ಹೊತ್ತಲ್ಲ. ಅದೇ ನಕಲಿನೊಳಗಿನ ಚಿತ್ರಗಳು ಬೇರೆ ದಿನ ಸಂಗ್ರಹವಾದವೂ ಆಗಿರಬಹುದು. ಹಾಗಾಗಿ ಕಿಟಕಿಗೆ ಅಂಟಿಸಿದ ‘ಮಳಿಗೆ ಖಾಲಿ ಮಾಡುವ ಮಾರಾಟ’ದ ಫೋಟೊ ಕಂಡ ತಕ್ಷಣ ಪುಟದ ದಿನಾಂಕವನ್ನು ಅದಕ್ಕೆ ಹಚ್ಚಬೇಡಿ. ಮುಚ್ಚುವ ಸುದ್ದಿ ಕಿವಿಗೆ ಬಿದ್ದ ದಿನವೇ ಅಂಗಡಿಯ ಮುಖಪುಟ, ಸಂಪರ್ಕ ಪುಟ ಮತ್ತು ವಿದಾಯದ ಸೂಚನೆ ಮೂರನ್ನೂ ವೇಬ್ಯಾಕ್ ಮೆಷೀನಿನ ‘ಸೇವ್ ಪೇಜ್ ನೌ’ ಸೌಲಭ್ಯದ ಮೂಲಕ ಉಳಿಸಿ. ಮಾಲೀಕರ ಕೋರಿಕೆಯ ಮೇರೆಗೆ ನಕಲುಗಳು ಅಲ್ಲಿಂದ ತೆಗೆದುಹಾಕಲ್ಪಡುವುದೂ ಉಂಟು, ಆದ್ದರಿಂದ ಮುಖ್ಯ ವಾಕ್ಯಗಳನ್ನು ನಿಮ್ಮ ಟಿಪ್ಪಣಿಯಲ್ಲೂ ಬರೆದಿಟ್ಟುಕೊಳ್ಳಿ.

ಜಾಲಕ್ಕಿಂತ ಹಿಂದಿನ ಅಂಗಡಿಗಳಿಗೆ ಪುರಾವೆ ಕಾಗದದಲ್ಲಿರುತ್ತದೆ. ದೂರವಾಣಿ ಡೈರೆಕ್ಟರಿಗಳು, ವ್ಯಾಪಾರಿ ಕೈಪಿಡಿಗಳು, ಪತ್ರಿಕೆಯ ಜಾಹೀರಾತುಗಳು, ಪುಸ್ತಕದ ಒಳಗೆ ಅಂಟಿಸಿದ ಅಂಗಡಿಯ ಚೀಟಿ, ವಾಪಸಾತಿ ದಿನಾಂಕ ಹಾಕಿದ ಹಾಳೆ, ಇವೆಲ್ಲ ಉಪಯುಕ್ತ. ಆದರೆ ಇವು ಎಷ್ಟು ಹೇಳುತ್ತವೋ ಅಷ್ಟನ್ನೇ ತೆಗೆದುಕೊಳ್ಳಬೇಕು. 1962ರಲ್ಲಿ ಮುದ್ರಣಗೊಂಡ ಪುಸ್ತಕದಲ್ಲಿ ಅಂಗಡಿಯ ಚೀಟಿಯಿದ್ದರೆ ಅಂಗಡಿ 1962ರಲ್ಲಿ ಅಥವಾ ಆಮೇಲೆ ಯಾವಾಗಲೋ ನಡೆಯುತ್ತಿತ್ತು ಎಂದಷ್ಟೇ ಅರ್ಥ. ಪ್ರತಿಯು ಹತ್ತು ವರ್ಷ ಕಪಾಟಿನಲ್ಲಿ ಕುಳಿತು ಮಾರಾಟವಾಗಿರಬಹುದು. ಅಚ್ಚಾದ ಡೈರೆಕ್ಟರಿಯ ಮಾಹಿತಿ ಅದರ ಮುಖಪುಟದ ವರ್ಷಕ್ಕಿಂತ ಹಿಂದಿನದಾಗಿರುತ್ತದೆ. ಗ್ರಂಥಾಲಯದ ವಾಪಸಾತಿ ಹಾಳೆ ಇವೆಲ್ಲಕ್ಕಿಂತ ಉತ್ತಮ ಸಾಕ್ಷಿ, ಏಕೆಂದರೆ ಅದರ ಮೇಲಿನ ಕೊನೆಯ ಮೊಹರಿಗೆ ಕೆಲವೇ ವಾರ ಮೊದಲು ಯಾರೋ ಒಬ್ಬರು ಮೇಜಿನ ಮುಂದೆ ನಿಂತು ಆ ಪುಸ್ತಕವನ್ನು ಎರವಲು ಪಡೆದಿದ್ದರು.

ಹಂತ 4: ಒಂದು ದಿನಾಂಕದ ಬದಲು ಎರಡು ದಿನಾಂಕ ಬರೆಯಿರಿ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ಅನುಸರಿಸುವುದಾದರೆ ಇದನ್ನು ಅನುಸರಿಸಿ. ಬಹುತೇಕ ಡೈರೆಕ್ಟರಿಗಳಲ್ಲಿ ‘ಮುಚ್ಚಿದ ದಿನಾಂಕ’ ಎಂಬ ಒಂದೇ ಕಾಲಂ ಇರುತ್ತದೆ. ಅದನ್ನು ತುಂಬಲೇಬೇಕೆಂಬ ಒತ್ತಡದಲ್ಲಿ ಜನ ಊಹೆ ಬರೆಯುತ್ತಾರೆ, ಒಮ್ಮೆ ಬರೆದ ಊಹೆಯನ್ನು ಇನ್ನೊಂದು ಜಾಲತಾಣ ಎತ್ತಿಕೊಳ್ಳುತ್ತದೆ, ಆಮೇಲೆ ಅದೇ ಜಾಲತಾಣ ನಮ್ಮ ನಮೂದಿಗೆ ಆಧಾರವಾಗಿ ವಾಪಸು ಬರುತ್ತದೆ. ಇದರ ಬದಲು ‘ತೆರೆದಿದ್ದುದು ಕೊನೆಯದಾಗಿ ಖಚಿತವಾದ ದಿನ’ ಮತ್ತು ‘ಮುಚ್ಚಿರುವುದು ಮೊದಲು ಖಚಿತವಾದ ದಿನ’ ಎಂಬ ಎರಡು ಕಾಲಂ ಇಡಿ. ಇವೆರಡನ್ನೂ ಯಾರು ಬೇಕಾದರೂ ಪುರಾವೆಯಿಂದ ತುಂಬಬಹುದು. ನಿಜವಾದ ದಿನ ಇವೆರಡರ ನಡುವೆ ಇರುತ್ತದೆ, ಮತ್ತು ಹೊಸ ಪುರಾವೆ ಸಿಕ್ಕಿದಂತೆಲ್ಲ ಅಂತರ ಕಿರಿದಾಗುತ್ತ ಬರುತ್ತದೆ. ಸಂಸ್ಥೆಯೇ ಘೋಷಿಸಿದ ದಿನ ಗೊತ್ತಿದ್ದರೆ ಅದಕ್ಕೆ ಮೂರನೆಯ ಕಾಲಂ ಇರಲಿ.

ಗೊತ್ತಿರುವ ದಿನವೂ ಯಾವ ಘಟನೆಯದು ಎಂದು ಬರೆಯಬೇಕು. ಅಮೆರಿಕದ ಬಾರ್ಡರ್ಸ್ ಎಂಬ ಪುಸ್ತಕದಂಗಡಿಗಳ ಸರಣಿ 2011ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಜುಲೈಯಲ್ಲಿ ಉಳಿದ ಮಳಿಗೆಗಳನ್ನೆಲ್ಲ ಮುಚ್ಚುವ ನಿರ್ಧಾರ ಹೊರಬಿತ್ತು, ಕೊನೆಯ ಮಳಿಗೆಗಳು ಸೆಪ್ಟೆಂಬರ್‌ನಲ್ಲಿ ಬಾಗಿಲು ಹಾಕಿದವು. ಅನೇಕ ಶಾಖೆಗಳು ಮೊದಲ ಸುತ್ತಿನಲ್ಲೇ, ಅಂದರೆ ಆ ವರ್ಷದ ಮೊದಲಾರ್ಧದಲ್ಲೇ ಮುಚ್ಚಿದ್ದವು. ಬ್ರಿಟನ್ನಿನ ಬಾರ್ಡರ್ಸ್ ಅದಕ್ಕೆ ಮುಂಚೆ ಬೇರೆಯವರಿಗೆ ಮಾರಾಟವಾಗಿ 2009ರ ಡಿಸೆಂಬರ್‌ನಲ್ಲೇ ಮುಚ್ಚಿತ್ತು. ಸರಣಿಯ ದಿನಾಂಕವನ್ನು ಎಲ್ಲ ಶಾಖೆಗಳಿಗೂ ಒಟ್ಟಿಗೆ ಅಂಟಿಸುವ ಅವಸರದ ಕೆಲಸ ಎಷ್ಟು ತಪ್ಪುಗಳನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ದಿನಾಂಕದ ನಿಖರತೆಯನ್ನೂ ದಾಖಲಿಸಬೇಕು. ವರ್ಷ ಮಾತ್ರ ಗೊತ್ತಿದ್ದಾಗ ಜನವರಿ 1 ಎಂದು ತುಂಬುವ ಅಭ್ಯಾಸ ಕಂಪ್ಯೂಟರಿಗೆ ಅನುಕೂಲ, ಓದುಗರಿಗೆ ಮೋಸ. ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8601ರ, 2019ರಲ್ಲಿ ಬಂದ ಎರಡನೆಯ ಭಾಗದಲ್ಲಿ ಇದಕ್ಕೆ ಸರಳ ಚಿಹ್ನೆಗಳಿವೆ: 1987? ಎಂದರೆ ವರ್ಷ ಸಂದೇಹಾಸ್ಪದ, 1987~ ಎಂದರೆ ಸುಮಾರು 1987, [2009-03..2009-11] ಎಂದರೆ 2009ರ ಮಾರ್ಚ್‌ನಿಂದ ನವೆಂಬರ್‌ವರೆಗಿನ ತಿಂಗಳುಗಳಲ್ಲಿ ಯಾವುದೋ ಒಂದು. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ದತ್ತಾಂಶ ಸಂಗ್ರಹವಾದ ವಿಕಿಡೇಟಾದಲ್ಲೂ ಪ್ರತಿ ದಿನಾಂಕಕ್ಕೆ ದಶಕ, ವರ್ಷ, ತಿಂಗಳು, ದಿನ ಎಂಬ ನಿಖರತೆಯನ್ನು ಬೇರೆಯಾಗಿ ಆರಿಸಬಹುದು. ಸ್ಪ್ರೆಡ್‌ಶೀಟ್ ಬಳಸುವವರು ದಿನಾಂಕದ ಕಾಲಮ್ಮನ್ನು ಕಡ್ಡಾಯವಾಗಿ ‘ಪಠ್ಯ’ ಎಂದು ಹೊಂದಿಸಿಕೊಳ್ಳಿ. ಎಕ್ಸೆಲ್‌ನ ದಿನಾಂಕ ಗಣನೆ 1900ರ ಜನವರಿ 1ರಿಂದ ಶುರುವಾಗುವುದರಿಂದ ಅದಕ್ಕಿಂತ ಹಿಂದೆ ಮುಚ್ಚಿದ ಚಂದಾ ಗ್ರಂಥಾಲಯಗಳ ದಿನಾಂಕಗಳು ಅಲ್ಲಿ ದಿನಾಂಕಗಳೇ ಅಲ್ಲ. ಜೋಡಿಸಲು ಹೋದರೆ ಎಲ್ಲೆಲ್ಲೋ ಬೀಳುತ್ತವೆ.

ಹಂತ 5: ಹಳೆಯ ನಮೂದೋ ಹೊಸ ನಮೂದೋ ನಿರ್ಧರಿಸಿ

ಅಂಗಡಿ ಬೇರೆ ಬೀದಿಗೆ ಹೋಯಿತು, ಮಾಲೀಕರು ಬದಲಾದರು, ವರ್ಷಗಳ ನಂತರ ಯಾರೋ ಅದೇ ಹೆಸರಿನಲ್ಲಿ ತೆರೆದರು. ಇವುಗಳಲ್ಲಿ ಯಾವುದು ಹಳೆಯ ಸಂಸ್ಥೆಯ ಮುಂದುವರಿಕೆ? ನಾನು ಪಾಲಿಸುವ ಸೂತ್ರ ಹೀಗಿದೆ: ಹೆಸರು, ನಡೆಸುವವರು, ದಾಸ್ತಾನು, ಈ ಮೂರರಲ್ಲಿ ಎರಡಾದರೂ ಮುಂದುವರಿದಿದ್ದರೆ ಅದೇ ನಮೂದು, ಇಲ್ಲದಿದ್ದರೆ ಹೊಸ ನಮೂದು, ಎರಡರ ನಡುವೆ ಕೊಂಡಿ.

ಪ್ಯಾರಿಸ್ಸಿನ ಷೇಕ್ಸ್‌ಪಿಯರ್ ಆ್ಯಂಡ್ ಕಂಪನಿಯನ್ನು ಈ ಸೂತ್ರಕ್ಕೆ ಹಚ್ಚಿ ನೋಡೋಣ. ಸಿಲ್ವಿಯಾ ಬೀಚ್ 1919ರಲ್ಲಿ ದ್ಯುಪ್ವಿತ್ರೆನ್ ಬೀದಿಯ 8ನೇ ಸಂಖ್ಯೆಯಲ್ಲಿ ಅಂಗಡಿ ತೆರೆದರು, 1921ರಲ್ಲಿ ಒಡಿಯಾನ್ ಬೀದಿಯ 12ನೇ ಸಂಖ್ಯೆಗೆ ಬದಲಾಯಿಸಿದರು, ಜರ್ಮನ್ ಆಕ್ರಮಣದ ಕಾಲದಲ್ಲಿ, 1941ರಲ್ಲಿ, ಮುಚ್ಚಿದರು. ಈಗ ಪ್ರವಾಸಿಗರು ಸಾಲುಗಟ್ಟುವ ಅಂಗಡಿ ಇದಲ್ಲ. ಅದನ್ನು ಜಾರ್ಜ್ ವಿಟ್‌ಮನ್ 1951ರಲ್ಲಿ ಬ್ಯೂಶರಿ ಬೀದಿಯ 37ನೇ ಸಂಖ್ಯೆಯಲ್ಲಿ ‘ಲ ಮಿಸ್ತ್ರಾಲ್’ ಎಂಬ ಹೆಸರಿನಿಂದ ತೆರೆದು, 1964ರಲ್ಲಿ ಬೀಚ್ ಅವರ ಗೌರವಾರ್ಥ ಹಳೆಯ ಹೆಸರಿಟ್ಟರು. ಡೈರೆಕ್ಟರಿಯಲ್ಲಿ ಇದು ಎರಡು ನಮೂದಾಗಬೇಕು. ಮೊದಲನೆಯದರ ಸ್ಥಿತಿ ‘ಶಾಶ್ವತವಾಗಿ ಮುಚ್ಚಿದೆ’. ಅದರೊಳಗೆ 1919ರಿಂದ 1921 ಮತ್ತು 1921ರಿಂದ 1941 ಎಂಬ ಅವಧಿಗಳೊಂದಿಗೆ ಎರಡು ವಿಳಾಸಗಳು. ಎರಡನೆಯದರ ಸ್ಥಿತಿ ‘ತೆರೆದಿದೆ’; ಅದರೊಳಗೆ ಒಂದೇ ವಿಳಾಸ, ಆದರೆ 1951ರಿಂದ ಒಂದು, 1964ರಿಂದ ಇನ್ನೊಂದು ಎಂದು ಎರಡು ಹೆಸರುಗಳು. ಇವೆರಡರ ಕೊಂಡಿಗೆ ‘ಉತ್ತರಾಧಿಕಾರಿ’ ಎಂದು ಹೆಸರು ಕೊಡುವುದಕ್ಕಿಂತ ‘ಹೆಸರನ್ನು ಪಡೆದದ್ದು’ ಎನ್ನುವುದು ಸರಿ. ಹೆಸರುಗಳಿಗೂ ವಿಳಾಸಗಳಿಗೂ ಅವಧಿ ಬರೆಯುವ ಸೌಲಭ್ಯ ಇಲ್ಲದ ಡೈರೆಕ್ಟರಿಯಲ್ಲಿ ಇಂಥ ಇತಿಹಾಸ ಬಂದಾಗ ಎಲ್ಲವೂ ಷರಾ ಕಾಲಮ್ಮಿಗೆ ಹೋಗಿ ಬೀಳುತ್ತದೆ, ಆಮೇಲೆ ಅದನ್ನು ಯಾರೂ ಹುಡುಕಲಾರರು.

ಸಂಚಾರಿ ಗ್ರಂಥಾಲಯಗಳಿಗೆ ಸ್ಥಳವೇ ಇಲ್ಲ. ಅವುಗಳ ವಿಳಾಸದ ಜಾಗದಲ್ಲಿ ನಿಲುಗಡೆಗಳ ಪಟ್ಟಿಯನ್ನು ಬರೆದು, ನಿರ್ದೇಶಾಂಕದ ಕಾಲಮ್ಮನ್ನು ಖಾಲಿ ಬಿಡಿ.

ಹಂತ 6: ಸಂಗ್ರಹ ಎಲ್ಲಿಗೆ ಹೋಯಿತು ಎಂದು ಬರೆಯಿರಿ

ಮುಚ್ಚಿದ ಗ್ರಂಥಾಲಯದ ನಮೂದನ್ನು ತೆರೆಯುವವರಲ್ಲಿ ಹೆಚ್ಚಿನವರ ಪ್ರಶ್ನೆ ‘ಯಾವಾಗ ಮುಚ್ಚಿತು’ ಎಂಬುದಲ್ಲ, ‘ಪುಸ್ತಕಗಳು ಎಲ್ಲಿಗೆ ಹೋದವು’ ಎಂಬುದು. ಆದರೂ ಬಹಳಷ್ಟು ಡೈರೆಕ್ಟರಿಗಳಲ್ಲಿ ಈ ಕಾಲಮ್ಮೇ ಇಲ್ಲ. ನ್ಯೂಯಾರ್ಕಿನ ಗೋಥಮ್ ಬುಕ್ ಮಾರ್ಟ್ 1920ರಲ್ಲಿ ಶುರುವಾಗಿ 2007ರಲ್ಲಿ ಮುಚ್ಚಿತು. ಅದರ ದಾಸ್ತಾನು ಆಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ದಾನವಾಗಿ ಸೇರಿತು. ಇಂಥ ಒಂದು ವಾಕ್ಯ ಸಂಶೋಧಕರ ಅನೇಕ ದಿನಗಳ ಅಲೆದಾಟವನ್ನು ಉಳಿಸುತ್ತದೆ. ಪುಸ್ತಕಗಳು, ಕಡತಗಳು, ಸದಸ್ಯರ ನೋಂದಣಿ ಪುಸ್ತಕ ಮತ್ತು ಕಾರ್ಡ್ ಕ್ಯಾಟಲಾಗ್ ಇವು ಬೇರೆ ಬೇರೆ ಕಡೆ ಹೋಗಿರಬಹುದು, ಆದ್ದರಿಂದ ಒಂದೊಂದನ್ನೂ ಪ್ರತ್ಯೇಕವಾಗಿ ಬರೆಯಿರಿ. ಹರಾಜಾಗಿ ಚದುರಿಹೋದದ್ದಾದರೆ ಹಾಗೆಂದೇ ಬರೆಯಿರಿ.

ಹಂತ 7: ಗುರುತಿನ ಸಂಖ್ಯೆಯನ್ನು ಕೈಬಿಡಬೇಡಿ, ಮರುಬಳಸಬೇಡಿ

ನಿಮ್ಮ ಡೈರೆಕ್ಟರಿ ಪ್ರತಿ ನಮೂದಿಗೆ ಕೊಡುವ ಸಂಖ್ಯೆ ಆ ಸಂಸ್ಥೆಗೇ ಮೀಸಲು; ಅದು ಮುಚ್ಚಿದ ಮೇಲೂ ಇನ್ನೊಂದಕ್ಕೆ ಕೊಡುವಂತಿಲ್ಲ. ಗ್ರಂಥಾಲಯಗಳಿಗೆ ಐಎಸ್‌ಒ 15511 ಮಾನದಂಡದಂತೆ ನೀಡುವ ಐಎಸ್‌ಐಎಲ್ ಸಂಕೇತವಿದ್ದರೆ ಅದನ್ನೂ ನಮೂದಿನಲ್ಲಿ ಉಳಿಸಿ, ಏಕೆಂದರೆ ಹಳೆಯ ಕ್ಯಾಟಲಾಗ್ ದಾಖಲೆಗಳಲ್ಲಿ ಪ್ರತಿ ಎಲ್ಲಿತ್ತೆಂದು ಹೇಳುವುದು ಆ ಸಂಕೇತವೇ. ಸಂಶೋಧನಾ ಸಂಸ್ಥೆಗಳನ್ನು ದಾಖಲಿಸುವ ಆರ್‌ಒಆರ್ ನೋಂದಣಿಯ ಕ್ರಮವನ್ನು ಇಲ್ಲಿ ಮಾದರಿಯಾಗಿ ತೆಗೆದುಕೊಳ್ಳಬಹುದು. ಅಲ್ಲಿ ಮುಚ್ಚಿದ ಸಂಸ್ಥೆಯನ್ನು ‘ನಿಷ್ಕ್ರಿಯ’ ಎಂದೂ, ತಪ್ಪಾಗಿ ಅಥವಾ ಎರಡು ಬಾರಿ ಸೇರಿದ್ದನ್ನು ‘ಹಿಂತೆಗೆದುಕೊಳ್ಳಲಾಗಿದೆ’ ಎಂದೂ ಬೇರೆ ಬೇರೆ ಗುರುತಿಸುತ್ತಾರೆ. ಈ ಭೇದ ನಮ್ಮ ಡೈರೆಕ್ಟರಿಗೂ ಅಗತ್ಯ: ಒಂದು ಕಾಲದಲ್ಲಿ ಇದ್ದು ಈಗ ಇಲ್ಲದಿರುವುದು ಬೇರೆ, ಎಂದೂ ಇಲ್ಲದಿದ್ದುದು ಬೇರೆ. ನಿಜವಾದ ಅಳಿಸುವಿಕೆ ಏನಿದ್ದರೂ ಎರಡನೆಯದಕ್ಕೆ ಮಾತ್ರ.

ಸಾರ್ವಜನಿಕ ಪುಟದ ವಿಳಾಸವೂ ಹಾಗೆಯೇ ಇರಲಿ. ಎರಡು ನಮೂದುಗಳನ್ನು ಒಂದಾಗಿಸಿದಾಗ ಕಳಚಿಹೋದ ಪುಟದಿಂದ ಉಳಿದ ಪುಟಕ್ಕೆ ಓದುಗರನ್ನು ತಾನಾಗಿ ಕಳಿಸುವ 301 ಎಂಬ ಶಾಶ್ವತ ಮರುನಿರ್ದೇಶನ ಹಾಕಿದರೆ ಹೊರಗಿನ ಕೊಂಡಿಗಳು ಮುರಿಯುವುದಿಲ್ಲ.

ಹಂತ 8: ಬೇರೆ ಡೈರೆಕ್ಟರಿಗಳಲ್ಲೂ ಸರಿಪಡಿಸಿ

ಸ್ವಯಂಸೇವಕರು ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಈಗ ನೆಲದ ಮೇಲೆ ಇರುವುದನ್ನು ಮಾತ್ರ ನಕ್ಷಿಸುವ ನಿಯಮವಿದೆ. ಅಂಗಡಿ ಮುಚ್ಚಿ ಮಳಿಗೆ ಖಾಲಿ ನಿಂತಿದ್ದರೆ ಅಂಗಡಿಯ ಟ್ಯಾಗಿನ (ಸ್ಥಳದ ಬಗೆ ತಿಳಿಸುವ ಗುರುತುಪದದ) ಮುಂದೆ ‘ಡಿಸ್‌ಯೂಸ್ಡ್’ ಎಂಬ ಪೂರ್ವಪದ ಸೇರಿಸಿ, ನೋಡಿ ಬಂದ ದಿನವನ್ನು ಪರಿಶೀಲನಾ ದಿನಾಂಕದ ಟ್ಯಾಗಿನಲ್ಲಿ ಬರೆಯಬಹುದು. ಅಲ್ಲಿ ಬೇರೆ ಅಂಗಡಿ ಬಂದಿದ್ದರೆ ಹೊಸದರ ಮಾಹಿತಿಯೇ ಇರಬೇಕು. ಪೂರ್ತಿ ಇತಿಹಾಸಕ್ಕೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಎಂಬ ಸಹೋದರ ಯೋಜನೆಯಿದೆ, ಅಲ್ಲಿ ಪ್ರತಿ ವಸ್ತುವಿಗೂ ಆರಂಭ ಮತ್ತು ಅಂತ್ಯದ ದಿನಾಂಕ ಹಾಕುವುದೇ ಪದ್ಧತಿ. ಗೂಗಲ್ ನಕ್ಷೆಯನ್ನಾಗಲೀ ಅದರ ರಸ್ತೆ ಚಿತ್ರಗಳನ್ನಾಗಲೀ ನೋಡಿ ಓಪನ್‌ಸ್ಟ್ರೀಟ್‌ಮ್ಯಾಪಿಗೆ ತುಂಬಬಾರದು, ಅದಕ್ಕೆ ಪರವಾನಗಿ ಇಲ್ಲ.

ವಿಕಿಡೇಟಾದಲ್ಲಿ ಎರಡು ಗುಣಲಕ್ಷಣಗಳ ನಡುವೆ ಗೊಂದಲವಾಗುತ್ತದೆ. ಪಿ3999 ಎಂಬುದು ಸ್ಥಳ ಅಧಿಕೃತವಾಗಿ ಮುಚ್ಚಿದ ದಿನಾಂಕ. ಪಿ576 ಎಂಬುದು ಸಂಸ್ಥೆ ವಿಸರ್ಜನೆಯಾದ ಅಥವಾ ಕಟ್ಟಡ ಕೆಡವಿದ ದಿನಾಂಕ. ಬರ್ಮಿಂಗ್‌ಹ್ಯಾಮಿನ ಹಳೆಯ ಕಟ್ಟಡಕ್ಕೆ ಮೊದಲನೆಯದರಲ್ಲಿ 2013, ಎರಡನೆಯದರಲ್ಲಿ 2016 ಬರಬೇಕು. ‘ಇದರ ಬದಲಿಗೆ ಬಂದದ್ದು’ ಎಂಬುದಕ್ಕೆ ಪಿ1366 ಇದೆ. ಪ್ರತಿ ಹೇಳಿಕೆಗೂ ಆಧಾರದ ಜೊತೆ ಸಂಗ್ರಹಿತ ಪ್ರತಿಯ ಕೊಂಡಿ ಮತ್ತು ಅದರ ದಿನಾಂಕ ಸೇರಿಸಿ. ಅಲ್ಲಿನ ಸೇರ್ಪಡೆ ನಿಯಮಗಳ ಪ್ರಕಾರ ಪ್ರತಿಯೊಂದು ಸಣ್ಣ ಅಂಗಡಿಗೂ ಜಾಗ ಸಿಗುವುದಿಲ್ಲ. ಸ್ವತಂತ್ರ, ಗಂಭೀರ ಆಧಾರಗಳಿಂದ ವಿವರಿಸಬಹುದಾದವನ್ನೇ ಆರಿಸಿಕೊಳ್ಳಿ.

ಗೂಗಲ್ ನಕ್ಷೆಯಲ್ಲಿ ತಿದ್ದುಪಡಿ ಸೂಚಿಸುವಾಗ ‘ಶಾಶ್ವತವಾಗಿ ಮುಚ್ಚಿದೆ’ ಮತ್ತು ‘ಇಂಥ ಸ್ಥಳವೇ ಇಲ್ಲ’ ಎಂಬ ಆಯ್ಕೆಗಳು ಬೇರೆ ಬೇರೆ ಇರುತ್ತವೆ. ನೀವು ಮೊದಲನೆಯದನ್ನೇ ಆರಿಸಬೇಕು.

ನಿಮ್ಮದೇ ಜಾಲತಾಣವಿದ್ದರೆ ಪುಟದ ಒಳಗೆ ಹುಡುಕಾಟ ಯಂತ್ರಗಳು ಓದಲೆಂದು ಇಡುವ ರಚನಾತ್ಮಕ ಮಾಹಿತಿಯಲ್ಲಿ ಸ್ಕೀಮಾ ಡಾಟ್ ಆರ್ಗ್ ಪದಕೋಶದ ಸ್ಥಾಪನಾ ದಿನಾಂಕ ಮತ್ತು ವಿಸರ್ಜನಾ ದಿನಾಂಕ ಎಂಬ ಗುಣಗಳನ್ನು ಬಳಸಿ, ವ್ಯವಹಾರದ ವೇಳೆಯನ್ನು ತೆಗೆದುಹಾಕಿ. ವೇಳೆ ಉಳಿದರೆ ಹುಡುಕಾಟದ ಫಲಿತಾಂಶದಲ್ಲಿ ‘ಈಗ ತೆರೆದಿದೆ’ ಎಂದು ಕಾಣಿಸುವ ಸಂಭವವಿದೆ.

ಹಂತ 9: ತೆಗೆದುಹಾಕಬೇಕಾದದ್ದನ್ನು ತೆಗೆಯಿರಿ

ನಮೂದನ್ನು ಉಳಿಸಬೇಕೆಂದರೆ ಅದರಲ್ಲಿದ್ದ ಪ್ರತಿಯೊಂದನ್ನೂ ಉಳಿಸಬೇಕೆಂದಲ್ಲ. ಅಂಗಡಿಯ ದೂರವಾಣಿ ಸಂಖ್ಯೆ ಮುಚ್ಚಿದ ಮೇಲೆ ಬೇರೆಯವರ ಪಾಲಾಗಿರುತ್ತದೆ ಅಥವಾ ಮಾಲೀಕರ ಸ್ವಂತ ಸಂಖ್ಯೆಯಾಗಿರುತ್ತದೆ, ಎರಡೂ ಸಂದರ್ಭದಲ್ಲಿ ಅದನ್ನು ತೆಗೆಯಬೇಕು. ಇಮೇಲ್ ವಿಳಾಸಕ್ಕೂ ಇದೇ ಮಾತು. ಮನೆಯಿಂದಲೇ ನಡೆಯುತ್ತಿದ್ದ ಅಂಗಡಿಯಾದರೆ ಬೀದಿಯ ಹೆಸರಿನ ಮಟ್ಟಕ್ಕೆ ವಿಳಾಸವನ್ನು ಇಳಿಸಿ, ನಿರ್ದೇಶಾಂಕವನ್ನು ಮರೆಮಾಡಿ.

ಮುಚ್ಚಲು ಕಾರಣ ಎಂಬ ಕಾಲಮ್ಮಿನ ಬಗ್ಗೆ ನನಗೆ ಹಿಂದಿನಿಂದಲೂ ಅನುಮಾನವಿದೆ. ಬಾಡಿಗೆ ಏರಿಕೆ, ಸಾಲ, ಕಾಯಿಲೆ, ಮನೆಯ ಜಗಳ ಎಂದು ಜನ ಕೇಳಿದ್ದನ್ನೆಲ್ಲ ಅಲ್ಲಿ ತುಂಬುತ್ತಾರೆ. ಮಾಲೀಕರೇ ಬಹಿರಂಗವಾಗಿ ಹೇಳಿದ್ದನ್ನು ಅಥವಾ ಅಧಿಕೃತ ದಾಖಲೆಯಲ್ಲಿ ಇರುವುದನ್ನು ಮಾತ್ರ ಬರೆಯಬೇಕು, ಉಳಿದಂತೆ ಖಾಲಿ ಬಿಡುವುದೇ ಮರ್ಯಾದೆ.

ಹಂತ 10: ಷರಾ ಬರೆಯುವ ಕ್ರಮ

ಸ್ಥಿತಿ ಬದಲಿಸಿದವರು ಏಕೆ ಬದಲಿಸಿದರೆಂಬುದು ಐದು ವರ್ಷದ ನಂತರವೂ ತಿಳಿಯುವಂತಿರಬೇಕು. ‘ಮುಚ್ಚಿದೆಯಂತೆ’ ಎಂಬ ಷರಾದಿಂದ ಯಾರಿಗೂ ಉಪಯೋಗವಿಲ್ಲ. ಒಂದು ಕಾಲ್ಪನಿಕ ನಮೂದಿಗೆ ಬರೆದ ಈ ಷರಾ ನೋಡಿ: ‘2019ರ ಮಾರ್ಚ್ 4: ಅಂಗಡಿಯ ಪುಟದಲ್ಲಿ ಕೊನೆಯ ಮಾರಾಟದ ಪ್ರಕಟಣೆ, ಸಂಗ್ರಹಿತ ಪ್ರತಿ ಇದೆ. 2019ರ ನವೆಂಬರ್: ಅದೇ ಮಳಿಗೆಯಲ್ಲಿ ಔಷಧದಂಗಡಿಯ ಫಲಕ, ಸ್ವಯಂಸೇವಕರು ತೆಗೆದ ಫೋಟೊ ಇದೆ. ಬೇರೆಡೆ ಮತ್ತೆ ತೆರೆದ ಬಗ್ಗೆ ಹುಡುಕಿ ನೋಡಲಾಯಿತು, ಏನೂ ಸಿಗಲಿಲ್ಲ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಹುಡುಕಿ ಸಿಗದಿದ್ದುದನ್ನು ಬರೆದಿಟ್ಟರೆ ಮುಂದಿನವರು ಅದೇ ಹುಡುಕಾಟವನ್ನು ಮತ್ತೆ ಮಾಡುವುದು ತಪ್ಪುತ್ತದೆ.

ಸಾರ್ವಜನಿಕರಿಂದ ಬಂದ ದೂರಿಗೂ ಇದೇ ಶಿಸ್ತು ಬೇಕು. ‘ಈ ಅಂಗಡಿ ಮುಚ್ಚಿದೆ’ ಎಂದು ಯಾರಾದರೂ ಬರೆದರೆ ನೀವು ಕೇಳಬೇಕಾದ್ದು ಎರಡೇ: ಯಾವ ದಿನ ಹೋಗಿದ್ದಿರಿ, ಬಾಗಿಲ ಮೇಲೆ ಅಥವಾ ಅಕ್ಕಪಕ್ಕದಲ್ಲಿ ಏನು ಕಂಡಿರಿ. ಉತ್ತರ ಬರುವ ತನಕ ಸ್ಥಿತಿ ‘ಖಚಿತವಾಗಿಲ್ಲ’.

ಹಂತ 11: ಓದುಗರಿಗೆ ತೋರಿಸುವ ರೀತಿ

ಓದುಗರು ಏನನ್ನೂ ಬದಲಿಸದಿದ್ದಾಗ ಹುಡುಕಾಟದಲ್ಲಿ ತೆರೆದಿರುವವು ಮಾತ್ರ ಬರಲಿ, ‘ಮುಚ್ಚಿದವನ್ನೂ ತೋರಿಸು’ ಎಂಬ ಗುಂಡಿ ಕಣ್ಣಿಗೆ ಬೀಳುವಲ್ಲಿ ಇರಲಿ. ಆದರೆ ಓದುಗರು ಅಂಗಡಿಯ ಹೆಸರನ್ನೇ ಟೈಪಿಸಿದಾಗ ಈ ಮಿತಿಯನ್ನು ಬದಿಗಿಟ್ಟು ಮುಚ್ಚಿದ ನಮೂದನ್ನೂ ತೋರಿಸಬೇಕು. ಇಲ್ಲವಾದರೆ ‘ಫಲಿತಾಂಶವಿಲ್ಲ’ ಎಂದು ಕಂಡವರು ಹೊಸ ನಮೂದು ಸೇರಿಸಲು ಹೊರಡುತ್ತಾರೆ. ಪುಟದಲ್ಲಿ ಸ್ಥಿತಿಯು ಹೆಸರಿನ ಕೆಳಗೇ ಅಕ್ಷರಗಳಲ್ಲಿ ಬರಲಿ. ಬರಿಯ ಬೂದು ಬಣ್ಣವನ್ನು ನೆಚ್ಚಿಕೊಂಡರೆ ಬಣ್ಣ ಗುರುತಿಸಲಾಗದವರಿಗೂ ಪರದೆ ಓದುವ ತಂತ್ರಾಂಶ ಬಳಸುವವರಿಗೂ ಅದು ತಲುಪುವುದಿಲ್ಲ.

ಹಂತ 12: ಮರುಪರಿಶೀಲನೆ ಮತ್ತು ಪ್ರತಿ

ಪ್ರತಿ ನಮೂದಿಗೂ ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಇರಲಿ, ಅತಿ ಹಳೆಯದರಿಂದ ಶುರುಮಾಡಿ ನೋಡುತ್ತ ಬನ್ನಿ. ‘ತೆರೆದಿದೆ’ ಎಂಬವನ್ನು ವರ್ಷಕ್ಕೊಮ್ಮೆ, ‘ತಾತ್ಕಾಲಿಕ’ ಮತ್ತು ‘ಖಚಿತವಾಗಿಲ್ಲ’ ಎಂಬವನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಚಿಕ್ಕ ಗುಂಪಿಗೂ ಭಾರವಾಗದು. ಶಾಶ್ವತವಾಗಿ ಮುಚ್ಚಿದವನ್ನು ಹೊಸ ಪುರಾವೆ ಬಂದಾಗ ಮಾತ್ರ ತೆರೆದರೆ ಸಾಕು.

ಡೈರೆಕ್ಟರಿಯೂ ಒಂದು ದಿನ ಮುಚ್ಚಬಹುದು. ಹಾಗಾಗಿ ವರ್ಷಕ್ಕೆರಡು ಬಾರಿ ಇಡೀ ಪಟ್ಟಿಯನ್ನು ಯುಟಿಎಫ್-8 ಅಕ್ಷರಸಂಕೇತದ ಸಿಎಸ್‌ವಿ ಕಡತವಾಗಿ ಹೊರತೆಗೆದು, ಪ್ರತಿ ಕಾಲಮ್ಮಿನ ಅರ್ಥವನ್ನೂ ಸ್ಥಿತಿಯ ಏಳು ಪದಗಳ ವಿವರಣೆಯನ್ನೂ ಬರೆದ ಒಂದು ಪುಟವನ್ನು ಜೊತೆಗಿಟ್ಟು, ಇಂಟರ್ನೆಟ್ ಆರ್ಕೈವ್‌ಗೋ ಸಂಶೋಧನಾ ದತ್ತಾಂಶವನ್ನು ಸ್ವೀಕರಿಸುವ ಝೆನೊಡೊಗೋ ಏರಿಸಿ. ಮರುಬಳಕೆಯ ಪರವಾನಗಿಯನ್ನು ಸ್ಪಷ್ಟವಾಗಿ ನಮೂದಿಸಿ. ವಿಕಿಡೇಟಾದ ಮಾಹಿತಿ ಯಾರು ಬೇಕಾದರೂ ಷರತ್ತಿಲ್ಲದೆ ಬಳಸಬಹುದಾದ ಸಿಸಿ ಝೀರೊ ಪರವಾನಗಿಯ ಅಡಿಯಲ್ಲಿರುವುದರಿಂದ ನಿಮ್ಮ ಪಟ್ಟಿಯನ್ನು ಅಲ್ಲಿಗೆ ಸೇರಿಸುವ ಉದ್ದೇಶವಿದ್ದರೆ ಅದೇ ಪರವಾನಗಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಏರಿಸುವ ಮೊದಲು ಒಂಬತ್ತನೆಯ ಹಂತದಲ್ಲಿ ಹೇಳಿದ ವೈಯಕ್ತಿಕ ಕಾಲಂಗಳು ಕಡತದಲ್ಲಿ ಉಳಿದಿಲ್ಲವೆಂದು ಒಮ್ಮೆ ತೆರೆದು ನೋಡಿ, ಏಕೆಂದರೆ ಹೀಗೆ ಹೊರಗೆ ಹೋದ ಪ್ರತಿಯನ್ನು ಮರಳಿ ಪಡೆಯುವುದು ನಿಮ್ಮ ಕೈಯಲ್ಲಿರುವುದಿಲ್ಲ.